ಹಳ್ಳದ ದಂಡೆಯ ಬಳ್ಳಿ, ಒಣ ಬೇಸಿಗೆಯ ಹಿತ್ತಿಲು: ಕ್ಯಾಲಿಫೋರ್ನಿಯ ಪೈಪ್‌ವೈನ್ ಕುರಿತು ಒಂದು ಟಿಪ್ಪಣಿ

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ದೇಸಿ ಗಿಡ ಮಾರುವ ನರ್ಸರಿಗಳು ಕುಂಡಕ್ಕೆ ಸಿಕ್ಕಿಸಿದ ಚೀಟಿಯ ಮೇಲೆ ನೀರಿನ ಅಗತ್ಯವನ್ನು ಒಂದೆರಡು ಪದಗಳಲ್ಲೋ ಹನಿಯ ಚಿತ್ರದಲ್ಲೋ ಸೂಚಿಸುವುದು ವಾಡಿಕೆ. ಕ್ಯಾಲಿಫೋರ್ನಿಯ ಪೈಪ್‌ವೈನ್ ಎಂಬ ಬಳ್ಳಿಯ ಮಟ್ಟಿಗೆ ಈ ಸೂಚನೆ ತಡವರಿಸುತ್ತದೆ. ಒಬ್ಬರು ಅದನ್ನು ಬರ ತಾಳುವ ಬಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಮಧ್ಯಮ ನೀರು ಬೇಕೆನ್ನುತ್ತಾರೆ. ಕಾಡಿನಲ್ಲಿ ನೋಡಿದರೆ ಅದು ಹಳ್ಳದ ದಂಡೆಯಲ್ಲಿ, ಮರದ ನೆರಳಿನಲ್ಲಿ, ಪೊದೆಗಳನ್ನು ಹತ್ತಿಕೊಂಡಿರುತ್ತದೆ. ಇಂಥ ಬಳ್ಳಿ ಕಡಿಮೆ ನೀರಿನ ತೋಟದ ಪಟ್ಟಿಗೆ ಹೇಗೆ ಬಂತು, ಬಂದದ್ದು ಸರಿಯೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಂದದ್ದು ಸರಿ. ಆದರೆ ಈ ಬಳ್ಳಿಯ ವಿಷಯದಲ್ಲಿ ಎಷ್ಟು ನೀರು ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ನೀರು ಎನ್ನುವುದೇ ಮುಖ್ಯ. ಕರ್ನಾಟಕದ ಮಳೆಗಾಲಕ್ಕೆ ಒಗ್ಗಿದ ಕೈಗೆ ಆ ತಿಂಗಳುಗಳು ಪೂರ್ತಿ ಅದಲುಬದಲಾಗಿ ಕಾಣುತ್ತವೆ.

ಬಳ್ಳಿಯ ಸಸ್ಯಶಾಸ್ತ್ರೀಯ ಹೆಸರು ಅರಿಸ್ಟೊಲೋಕಿಯ ಕ್ಯಾಲಿಫೋರ್ನಿಕ. ಪೆಸಿಫಿಕ್ ರೈಲುಮಾರ್ಗದ ಸರ್ವೆ ವರದಿಗಳಲ್ಲಿ ಜಾನ್ ಟೋರಿ 1857ರಲ್ಲಿ ಅದನ್ನು ವರ್ಣಿಸಿ ಹೆಸರಿಟ್ಟ. ಕ್ಯಾಲಿಫೋರ್ನಿಯದ ಗಡಿಯಾಚೆ ಅದು ಸಹಜವಾಗಿ ಬೆಳೆಯುವುದಿಲ್ಲ. ಗಡಿಯೊಳಗೂ ಉತ್ತರ ಮತ್ತು ಮಧ್ಯಭಾಗದ ಕರಾವಳಿ ಬೆಟ್ಟಸಾಲು, ಸ್ಯಾಕ್ರಮೆಂಟೊ ಕಣಿವೆ, ಸಿಯೆರಾ ನೆವಾಡದ ತಪ್ಪಲು, ಇಷ್ಟೇ ಅದರ ಸೀಮೆ. ಈ ಕುಲದಲ್ಲಿ ಆ ರಾಜ್ಯಕ್ಕೆ ದೇಸಿಯಾದ ಪ್ರಭೇದ ಇದೊಂದೇ. ಬೇ ಏರಿಯಾದವರು ಅದನ್ನು ಕಾಡಿನಲ್ಲೇ ನೋಡಬೇಕೆಂದರೆ ಮೌಂಟ್ ಡಿಯಾಬ್ಲೊದ ಉತ್ತರ ಮಗ್ಗುಲಿನ ಮಿಚೆಲ್ ಕಣಿವೆಗೆ ಹೋಗಬಹುದು. ಹಳ್ಳದ ಪಕ್ಕದ ದಾರಿಯಲ್ಲೇ ಸಿಗುತ್ತದೆ. ನಮ್ಮ ಕಡೆಯ ಈಶ್ವರಿ ಬಳ್ಳಿ, ಅಂದರೆ ಅರಿಸ್ಟೊಲೋಕಿಯ ಇಂಡಿಕ, ಇದರದೇ ಕುಲದ್ದು. ಈ ನೆಂಟಸ್ತಿಕೆಯ ಒಳ್ಳೆಯದು ಕೆಟ್ಟದ್ದು ಎರಡನ್ನೂ ಮುಂದೆ ನೋಡೋಣ.

ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಬರಿಗಾಂಡವಾಗಿ ನಿಲ್ಲುತ್ತದೆ. ಜನವರಿಯಿಂದ ಏಪ್ರಿಲ್ ನಡುವೆ, ಬಹುಪಾಲು ಎಲೆ ಬರುವ ಮೊದಲೇ, ಆ ಬರಿಗಾಂಡದಿಂದ ಹೂ ಇಳಿಬೀಳುತ್ತದೆ. ಹೂವೆಂದರೆ ದಳಗಳ ಹೂವಲ್ಲ. ಹಳೇ ಕಾಲದ ಹೊಗೆಸೊಪ್ಪಿನ ಪೈಪಿನ ಹಾಗೆ ಬಾಗಿದ, ಮೂರು ನಾಲ್ಕು ಸೆಂಟಿಮೀಟರಿನ ಒಂದು ಕೊಳವೆ. ಮೈ ತಿಳಿಹಸಿರು, ಅದರ ಮೇಲೆ ನೇರಳೆಗೆಂಪಿನ ನರಗಳು, ಬಾಯಿಯ ಅಂಚು ಕಂದುಗೆಂಪು. ವಾಸನೆ ಸುಗಂಧವಲ್ಲ, ಹಸಿ ಮಣ್ಣಿನ ಮುಗ್ಗಲು ವಾಸನೆ. ಅದಕ್ಕೆ ಮರುಳಾಗಿ ಬರುವವು ಜೇನುಹುಳುಗಳಲ್ಲ, ಅಣಬೆಯ ಮೇಲೆ ಬದುಕುವ ಚಿಕ್ಕ ನೊಣಗಳು. ಒಳಗೆ ಹೋದ ನೊಣಕ್ಕೆ ಹೊರದಾರಿ ಬೇಗ ಸಿಗುವುದಿಲ್ಲ. ಕೊಳವೆಯ ಬಾಗಿನಲ್ಲಿ ಕೆಲಕಾಲ ಸೆರೆಯಾಗಿ ತಿರುಗಾಡುತ್ತದೆ. ಈ ಕುಲದ ಹೂಗಳಲ್ಲಿ ಹೆಣ್ಣುಭಾಗ ಮೊದಲು ಪಕ್ವವಾಗುತ್ತದೆ, ಗಂಡುಭಾಗ ಆಮೇಲೆ. ಹಾಗಾಗಿ ಹಿಂದಿನ ಹೂವಿನಿಂದ ತಂದ ಪರಾಗವನ್ನು ನೊಣ ಇಲ್ಲಿ ಬಿಟ್ಟು, ಇಲ್ಲಿಯ ಪರಾಗವನ್ನು ಮೈಗೆ ಅಂಟಿಸಿಕೊಂಡು ಹೊರಬೀಳುತ್ತದೆ. ಕಾಯಿ ಆರು ರೆಕ್ಕೆಯಂಚುಗಳ ಹಸಿರು ಕೋಶ. ಎಲೆ ಹೃದಯಾಕಾರ, ಮೃದು, ಮೈತುಂಬ ಸಣ್ಣ ರೋಮ. ಈ ರೋಮದ ಮಾತೂ ಮತ್ತೆ ಬರಲಿದೆ.

ಇಲ್ಲಿ ಗಮನಿಸಬೇಕಾದದ್ದು ತಿಂಗಳುಗಳ ಕ್ರಮ. ಜನವರಿಯಲ್ಲಿ ಹೂ, ಮಾರ್ಚಿನಲ್ಲಿ ಚಿಗುರು, ಮೇ ಹೊತ್ತಿಗೆ ಬೆಳವಣಿಗೆಯ ಬಹುಭಾಗ ಮುಗಿದಿರುತ್ತದೆ. ಒಣ ಜಾಗದಲ್ಲಾದರೆ ಆಗಸ್ಟ್ ಸೆಪ್ಟೆಂಬರಿನಲ್ಲೇ ಎಲೆ ಹಳದಿಗಟ್ಟುತ್ತದೆ. ಅಂದರೆ ಹಳ್ಳದಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ಬಳ್ಳಿ ದುಡಿಯುತ್ತದೆ, ಹಳ್ಳ ಬತ್ತುವ ತಿಂಗಳುಗಳಲ್ಲಿ ಕೈಕಟ್ಟಿ ಕೂರುತ್ತದೆ. ಮಿಚೆಲ್ ಕಣಿವೆಯಂಥ ಕಡೆ ಬೇಸಿಗೆಯ ಕೊನೆಗೆ ಹಳ್ಳದ ಮೇಲ್ಮೈ ಬಹುಪಾಲು ಒಣಗಿರುತ್ತದೆ, ಬಳ್ಳಿಯ ಬೇರಿಗೆ ಸಿಗುವುದು ಆಳದ ತೇವ ಮತ್ತು ಮೇಲಿನ ಮರದ ನೆರಳು. ಹಳ್ಳದ ದಂಡೆಯ ಗಿಡ ಎಂದ ಮಾತ್ರಕ್ಕೆ ವರ್ಷವಿಡೀ ಒದ್ದೆ ಕಾಲಿನ ಗಿಡ ಎಂದು ತಿಳಿಯುವುದು ನಮ್ಮ ಮಲೆನಾಡಿನ ಹಳ್ಳವನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯದ ಹಳ್ಳವನ್ನು ಓದಿದಂತೆ.

ಮಳೆಯ ಲೆಕ್ಕ ಇದನ್ನೇ ಹೇಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ವಾರ್ಷಿಕ ಸರಾಸರಿ ಸುಮಾರು 580 ಮಿ.ಮೀ. ಬೆಟ್ಟದ ಮರೆಯಲ್ಲಿರುವ ಸ್ಯಾನ್ ಹೊಸೆಗೆ 400 ಮಿ.ಮೀ. ಕೂಡ ಸಿಗುವುದಿಲ್ಲ. ಬೆಂಗಳೂರಿಗೆ ಬೀಳುವುದು 950 ಮಿ.ಮೀ.ಗೂ ಹೆಚ್ಚು. ಈ ಅಂತರ ದೊಡ್ಡದೇ, ಆದರೆ ತೋಟಗಾರನನ್ನು ದಾರಿ ತಪ್ಪಿಸುವುದು ಅದಲ್ಲ. ಬೆಂಗಳೂರಿನ ಮಳೆ ಮೇ ತಿಂಗಳಿಂದ ಅಕ್ಟೋಬರಿನವರೆಗೆ, ಬಿಸಿಲು ಕಾವು ಇರುವಾಗಲೇ, ಬಹುಪಾಲು ಸುರಿದು ಮುಗಿಯುತ್ತದೆ. ಬೇ ಏರಿಯಾದಲ್ಲಿ ನವೆಂಬರಿನಿಂದ ಏಪ್ರಿಲ್, ಚಳಿಯ ಜೊತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಕಾಶದಿಂದ ಹನಿ ಬೀಳುವುದೇ ಅಪರೂಪ. ಕಾವೂ ನೀರೂ ಇಲ್ಲಿ ಒಟ್ಟಿಗೆ ಬರುವುದಿಲ್ಲ. ಸ್ಥಳೀಯ ಸಸ್ಯಗಳೆಲ್ಲ ಈ ಅಗಲಿಕೆಗೆ ಹೊಂದಿಕೊಂಡೇ ಬದುಕಿದವು.

ಇನ್ನು ಎಷ್ಟು ನೀರು ಎಂಬ ಲೆಕ್ಕ. ರಾಜ್ಯದ ಜಲಸಂಪನ್ಮೂಲ ಇಲಾಖೆ ಮತ್ತು ಡೇವಿಸ್‌ನ ವಿಶ್ವವಿದ್ಯಾಲಯ ಸೇರಿ 1982ರಲ್ಲಿ ಕಟ್ಟಿದ ಸಿಮಿಸ್ ಎಂಬ ಹವಾಮಾನ ಕೇಂದ್ರಗಳ ಜಾಲ, ಯಾವ ಊರಿನ ನೆಲದಿಂದ ಮತ್ತು ಹುಲ್ಲಿನಿಂದ ಎಷ್ಟು ನೀರು ಆವಿಯಾಗಿ ಹೋಗುತ್ತದೆ ಎಂದು ಅಂದಾಜು ಮಾಡುತ್ತದೆ. ಇಡೀ ರಾಜ್ಯವನ್ನು ಅದು 18 ವಲಯಗಳಾಗಿ ಹಂಚಿದೆ. ಕಡಲ ಮಂಜಿನ ವಲಯದಲ್ಲಿ ವರ್ಷಕ್ಕೆ ಸುಮಾರು 33 ಇಂಚು, ಬೇ ಏರಿಯಾದ ಒಳನಾಡಿನ ವಲಯದಲ್ಲಿ 49 ಇಂಚಿಗೂ ಸ್ವಲ್ಪ ಹೆಚ್ಚು. ಜುಲೈ ಒಂದೇ ತಿಂಗಳಿಗೆ ಇಳಿಸಿದರೆ ಮಂಜಿನ ವಲಯಕ್ಕೆ 118 ಮಿ.ಮೀ., ಒಳನಾಡಿಗೆ 189 ಮಿ.ಮೀ. ಒಂದೇ ಬೇ ಏರಿಯಾ, ಒಂದೇ ಜುಲೈ, ಆದರೂ ಇಷ್ಟು ಅಂತರ. ಸ್ಯಾನ್ ಫ್ರಾನ್ಸಿಸ್ಕೊದ ಪಶ್ಚಿಮ ದಂಡೆಯ ಸನ್‌ಸೆಟ್ ಬಡಾವಣೆಯವರು ಕೊಟ್ಟ ಸಲಹೆಯನ್ನು ಒಳನಾಡಿನ ಸ್ಯಾನ್ ರಮೋನ್‌ನವರು ಹಾಗೆಯೇ ಪಾಲಿಸಿದರೆ ಬಳ್ಳಿ ಒಣಗಲು ಬೇರೆ ಕಾರಣ ಹುಡುಕಬೇಕಿಲ್ಲ.

ಯಾವ ಸಸ್ಯಕ್ಕೆ ಈ ಆವಿಯ ಲೆಕ್ಕದಲ್ಲಿ ಎಷ್ಟು ಪಾಲು ಬೇಕೆಂದು ಹೇಳುವುದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವುಕಲ್ಸ್ ಪಟ್ಟಿ. ಅದರ ನಾಲ್ಕನೆಯ ಆವೃತ್ತಿ 2014ರಲ್ಲಿ ಬಂತು. ಅದರಲ್ಲಿ ನಾಲ್ಕು ದರ್ಜೆ: ಶೇ. 10ಕ್ಕೂ ಕಡಿಮೆ ಸಾಕಾದವು ಅತಿ ಕಡಿಮೆ, 10ರಿಂದ 30 ಕಡಿಮೆ, 40ರಿಂದ 60 ಮಧ್ಯಮ, 70ರಿಂದ 90 ಹೆಚ್ಚು. ಪೈಪ್‌ವೈನ್ ಎರಡು ಮೀಟರ್ ಉದ್ದ ಎರಡು ಮೀಟರ್ ಅಗಲದ ನೆಲದ ಮೇಲೆ ಹಬ್ಬಿದೆ ಎಂದುಕೊಳ್ಳೋಣ. ಕಡಿಮೆ ದರ್ಜೆಯ ಮೇಲ್ಮಿತಿ, ಅಂದರೆ ಶೇ. 30 ಹಿಡಿದರೆ ಒಳನಾಡಿನ ಜುಲೈಯಲ್ಲಿ 57 ಮಿ.ಮೀ., ನಾಲ್ಕು ಚದರ ಮೀಟರಿಗೆ ಸುಮಾರು 227 ಲೀಟರು. ಮಂಜಿನ ವಲಯದಲ್ಲಿ ಸುಮಾರು 142 ಲೀಟರು. ಅಷ್ಟೇ ಜಾಗದಲ್ಲಿ ಹುಲ್ಲುಹಾಸು ಇದ್ದರೆ, ತಂಪುಹವೆಯ ಹುಲ್ಲಿಗೆ ಸಾಮಾನ್ಯವಾಗಿ ಹಿಡಿಯುವ ಶೇ. 80ರ ಲೆಕ್ಕದಲ್ಲಿ, ಒಳನಾಡಿನಲ್ಲಿ 605 ಲೀಟರು. ಬಳ್ಳಿ ನೆರಳಲ್ಲಿದ್ದರೆ ಸ್ಥಳಗುಣಕ ಎಂದು ಇನ್ನೊಂದು ಕಡಿತ ಮಾಡಬಹುದು. ಅದನ್ನು 0.7 ಎಂದು ಹಿಡಿದರೆ 227 ಲೀಟರು 159ಕ್ಕೆ ಇಳಿಯುತ್ತದೆ. ಈ ಅಂಕಿಗಳಲ್ಲಿ ಬಳ್ಳಿ ಕಡಿಮೆ ನೀರಿನ ತೋಟಕ್ಕೆ ಸಲ್ಲುತ್ತದೆ ಎಂಬುದು ಸ್ಪಷ್ಟ. ಮಧ್ಯಮ ದರ್ಜೆಯ ನಡುವಿನ ಶೇ. 50 ಕೊಟ್ಟರೂ ಹುಲ್ಲಿಗಿಂತ ಎಷ್ಟೋ ಮಿತ.

ಆದರೆ ಈ ಅಂಕಿಗಳನ್ನು ತಕ್ಕಡಿಯಲ್ಲಿ ತೂಗಿ ಪಡೆದದ್ದೆಂದು ಯಾರೂ ತಿಳಿಯಬಾರದು. ವುಕಲ್ಸ್ ಪಟ್ಟಿಯ ದರ್ಜೆಗಳು ಪ್ರಯೋಗದಿಂದ ಅಳೆದವಲ್ಲ. ಆಯಾ ಪ್ರದೇಶದ ಅನುಭವಿ ತೋಟಗಾರರ ಸಮಿತಿಗಳು ಕೂತು ಒಪ್ಪಿ ಹಾಕಿದ ದರ್ಜೆಗಳು. ಅವರು ಕೇಳಿಕೊಂಡ ಪ್ರಶ್ನೆಯೂ ಗಿಡ ಬದುಕಲು ಎಷ್ಟು ನೀರು ಬೇಕೆಂಬುದಲ್ಲ, ನೋಡಲು ಒಪ್ಪುವಂತಿರಲು ಎಷ್ಟು ಬೇಕೆಂಬುದು. ಸೆಪ್ಟೆಂಬರಿನಲ್ಲಿ ಹಳದಿಗಟ್ಟಿದ ಪೈಪ್‌ವೈನ್ ನೋಡಲು ಒಪ್ಪುತ್ತದೆಯೆ? ಬೇಲಿಯ ಅಂದಕ್ಕೆ ಬಳ್ಳಿ ನೆಟ್ಟವರು ಇಲ್ಲ ಎನ್ನುತ್ತಾರೆ, ಮಿಚೆಲ್ ಕಣಿವೆಯಲ್ಲಿ ಅದನ್ನು ಕಂಡವರು ಅದರಲ್ಲೇನಿದೆ ಎನ್ನುತ್ತಾರೆ. ಚೀಟಿಯ ಮೇಲಿನ ಸೂಚನೆ ತಡವರಿಸುವುದು ಇಲ್ಲಿ. ಎರಡು ಅಭಿರುಚಿಗಳ ಜಗಳವನ್ನು ಲೀಟರಿನಲ್ಲಿ ಬರೆದಿದ್ದಾರೆ, ಅಷ್ಟೆ. ಮೇಲಾಗಿ ಬಳ್ಳಿಯ ಹರಹನ್ನು ನೆಲದ ಚದರ ಮೀಟರಿನಲ್ಲಿ ಅಳೆಯುವುದೇ ಅನುಮಾನದ ಕೆಲಸ. ಬೇಲಿಯ ಮೇಲೆ ನಿಂತ ಎಲೆಗೆ ನೆಲದ ಅಳತೆ ಯಾವುದು?

ಸನಿವೇಲ್, ಕ್ಯುಪರ್ಟಿನೊ, ಫ್ರೀಮಾಂಟ್, ಮಿಲ್ಪಿಟಾಸ್ ಕಡೆಯ ಕನ್ನಡದ ಮನೆಗಳ ಹಿತ್ತಿಲಲ್ಲಿ ಬಳ್ಳಿ ಎಂದರೆ ಹೀರೆ, ಪಡವಲ, ಅವರೆ, ಬಸಳೆ, ಬೇಲಿಯ ಮೂಲೆಯಲ್ಲೊಂದು ಮಲ್ಲಿಗೆ. ಊರಿಂದ ಬಂದ ಅಪ್ಪ ಅಮ್ಮ ಆರು ತಿಂಗಳಿದ್ದು ಹೋಗುವಾಗ ಚಪ್ಪರವೊಂದು ಎದ್ದಿರುತ್ತದೆ. ಇವೆಲ್ಲ ಕಾವು ಮತ್ತು ನೀರು ಜೊತೆಗೇ ಬೇಡುವ ಬಳ್ಳಿಗಳು, ಜುಲೈಯಲ್ಲಿ ದಿನ ಬಿಟ್ಟು ದಿನವಾದರೂ ನೀರು ಕೇಳುತ್ತವೆ. ಪೈಪ್‌ವೈನನ್ನು ತಂದು ಅದೇ ಚಪ್ಪರದ ಕಾಲಿಗೆ, ಅದೇ ಡ್ರಿಪ್ ಪೈಪಿನ ಮೇಲೆ ನೆಡುವುದು ಸುಲಭ, ಮತ್ತು ಅದೇ ದೊಡ್ಡ ತಪ್ಪು. ನೀರಿನ ಅಗತ್ಯ ಒಂದೇ ಆಗಿರುವ ಗಿಡಗಳನ್ನು ಒಂದೇ ವಾಲ್ವ್‌ಗೆ ಸೇರಿಸಬೇಕು ಎಂಬುದು ಇಲ್ಲಿಯ ನೀರಾವರಿಯ ಮೊದಲ ನಿಯಮ. ಹೀರೆಕಾಯಿಯ ವಾಲ್ವ್ ಬೇರೆ, ಪೈಪ್‌ವೈನಿನ ವಾಲ್ವ್ ಬೇರೆ. ಬೇರೆ ವಾಲ್ವ್ ಇಲ್ಲದಿದ್ದರೆ ಡ್ರಿಪ್ ಬೇಡವೇ ಬೇಡ, ಕೊಳಾಯಿಯ ಪೈಪ್ ಹಿಡಿದು ಕೈಯಲ್ಲೇ ಹಾಕುವುದು ಮೇಲು.

ನೀರು ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಇಲ್ಲಿ ಒಂದು ಕಹಿ ಅನುಭವ ಇದೆ. ಫೈಟಾಫ್ತೊರ ಎಂಬ, ಬೇರು ಕೊಳೆಸುವ ಸೂಕ್ಷ್ಮಜೀವಿಗಳ ಕುಲ ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಹಬ್ಬುತ್ತದೆ. ಅಡಿಕೆಯ ಕೊಳೆರೋಗದ ಮೂಲಕ ಮಲೆನಾಡಿನವರಿಗೆ ಈ ಕುಲ ಚೆನ್ನಾಗಿ ಗೊತ್ತು. ಇದರದೇ ಒಂದು ಪ್ರಭೇದ, ಫೈಟಾಫ್ತೊರ ಟೆಂಟಕ್ಯುಲೇಟ, 2012ರಲ್ಲಿ ಮಾಂಟೆರೆ ಕೌಂಟಿಯ ನರ್ಸರಿಯೊಂದರ ದೇಸಿ ಗಿಡಗಳಲ್ಲಿ ಪತ್ತೆಯಾಯಿತು. ಆಮೇಲೆ ಕಾಡಿನ ಪುನರುಜ್ಜೀವನಕ್ಕೆಂದು ನೆಟ್ಟ ಗಿಡಗಳಲ್ಲೂ ಈ ಕುಲದ ಸೋಂಕು ಕಂಡು, ಬೇ ಏರಿಯಾದ ನರ್ಸರಿಗಳು ಕುಂಡದ ಮಣ್ಣನ್ನು ಆವಿಯಲ್ಲಿ ಶುದ್ಧಿ ಮಾಡುವಷ್ಟು ಎಚ್ಚರಕ್ಕೆ ಬಂದವು. ಬೇಸಿಗೆಯಲ್ಲಿ ದಿನವೂ ಬುಡ ಒದ್ದೆ ಮಾಡುವುದೆಂದರೆ ಈ ಜೀವಿಗೆ ಹಾಸಿಗೆ ಹಾಸಿದಂತೆ. 227 ಲೀಟರನ್ನು ದಿನಕ್ಕೆ ಏಳೂವರೆ ಲೀಟರಿನಂತೆ ತೊಟ್ಟಿಕ್ಕಿಸುವ ಬದಲು ತಿಂಗಳಿಗೆ ಎರಡು ಸಲ, ಸುಮಾರು 110 ಲೀಟರಿನಂತೆ, ಸಂಜೆ ಹೊತ್ತು ನಿಧಾನವಾಗಿ ಆಳಕ್ಕೆ ಇಳಿಸಿ ನಡುವೆ ಮೇಲ್ಮಣ್ಣು ಒಣಗಲು ಬಿಡಬೇಕು. ಫ್ರೀಮಾಂಟ್, ಸ್ಯಾನ್ ಹೊಸೆಯ ಜೇಡಿಮಣ್ಣು ಇದಕ್ಕೆ ಅನುಕೂಲವೇ. ನೀರು ಇಳಿಯುವುದು ನಿಧಾನ, ಇಳಿದದ್ದು ಉಳಿಯುವುದು ಬಹಳ ದಿನ. ಗುಂಡಿ ತೋಡಿ ಗೊಬ್ಬರ ತುಂಬಬೇಕಿಲ್ಲ. ಅಗೆದ ಮಣ್ಣನ್ನೇ ಮತ್ತೆ ಹಾಕಿ, ಮೇಲೆ ಮರದ ಚಕ್ಕೆಯನ್ನೋ ಓಕ್ ಎಲೆಯನ್ನೋ ಒಂದು ಗೇಣಿಗಿಂತ ಕಡಿಮೆ ದಪ್ಪ ಹೊದಿಸಿ, ಕಾಂಡದ ಸುತ್ತ ಮಾತ್ರ ಬರಿದಾಗಿ ಬಿಟ್ಟರೆ ಸಾಕು.

ನೆಡುವ ಕಾಲ ನವೆಂಬರ್, ಮೊದಲ ಮಳೆಗೆ ನೆಲ ನೆನೆದ ಮೇಲೆ. ಯುಗಾದಿಗೆ ನೆಡುವ ಅಭ್ಯಾಸವನ್ನು ದೀಪಾವಳಿಗೆ ಸರಿಸಬೇಕು ಎಂದರೆ ನೆನಪಿಡಲು ಸುಲಭ. ಚಳಿಗಾಲವಿಡೀ ಮೇಲೆ ಏನೂ ಕಾಣದಿದ್ದರೂ ಬೇರು ನಡೆಯುತ್ತಿರುತ್ತದೆ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಎರಡನೆಯ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ, ಆಮೇಲೆ ಮೇಲೆ ಹೇಳಿದ ತಿಂಗಳ ಲೆಕ್ಕ. ಮೊದಲೆರಡು ವರ್ಷ ಬಳ್ಳಿ ಹಟ ಹಿಡಿದಂತೆ ಬೆಳೆಯದೆ ಕೂರುತ್ತದೆ, ಹೂವಿನ ಆಸೆಯನ್ನು ಆಗ ಇಟ್ಟುಕೊಳ್ಳಬಾರದು. ಬುಡ ನೆರಳಲ್ಲಿ, ತುದಿ ಬೆಳಕಲ್ಲಿ ಇರಬೇಕು. ಮನೆಯ ಉತ್ತರ ಅಥವಾ ಪೂರ್ವದ ಬೇಲಿ ಹೇಳಿಮಾಡಿಸಿದ ಜಾಗ. ಹಬ್ಬಲು ಬೇಲಿ ಇಲ್ಲದಿದ್ದರೆ ನೆಲದ ಮೇಲೇ ಹರಡಿಕೊಳ್ಳುತ್ತದೆ. ಕಾಂಡದ ತುಂಡುಗಳನ್ನು ಚಳಿಗಾಲದಲ್ಲಿ ನೆಟ್ಟರೆ ಬೇರು ಬಿಡುತ್ತವೆ. ಬೀಜಕ್ಕಾದರೆ ಒದ್ದೆ ತಣ್ಣಗಿನ ಕೆಲವು ವಾರಗಳ ನಿದ್ದೆ ಬೇಕು, ಫ್ರಿಜ್ಜಿನಲ್ಲಿಟ್ಟು ಅದನ್ನು ಕೊಡುತ್ತಾರೆ.

ಇಷ್ಟು ತಾಳ್ಮೆ ಯಾಕೆ? ಹೂ ಆಕರ್ಷಕ, ಸರಿ, ಆದರೆ ಬೇ ಏರಿಯಾದಲ್ಲಿ ಈ ಬಳ್ಳಿ ನೆಡುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಅದನ್ನು ತಿನ್ನುವ ಚಿಟ್ಟೆ. ಪೈಪ್‌ವೈನ್ ಸ್ವಾಲೋಟೇಲ್, ಬ್ಯಾಟಸ್ ಫಿಲೆನರ್. ಹಿಂರೆಕ್ಕೆಯ ಮೇಲೆ ಲೋಹದ ಹೊಳಪಿನ ನೀಲಿ ಇರುವ ಕಪ್ಪು ಚಿಟ್ಟೆ. ಕ್ಯಾಲಿಫೋರ್ನಿಯದ್ದು ಹಿರ್ಸುಟ ಎಂಬ, ಮೈಮೇಲೆ ಹೆಚ್ಚು ರೋಮ ಇರುವ ಉಪಪ್ರಭೇದ. ಈ ಸೀಮೆಯ ಕಾಡಿನಲ್ಲಿ ಅದರ ಮರಿಹುಳುವಿಗೆ ಅರಿಸ್ಟೊಲೋಕಿಯ ಕ್ಯಾಲಿಫೋರ್ನಿಕ ಬಿಟ್ಟು ಬೇರೆ ಆಹಾರವಿಲ್ಲ. ಹೆಣ್ಣು ಚಿಟ್ಟೆ ಎಳೆ ಕುಡಿಗಳನ್ನು ಮುಂಗಾಲಿನಿಂದ ಮುಟ್ಟಿ ರುಚಿ ನೋಡಿ ತುಕ್ಕುಗೆಂಪಿನ ಮೊಟ್ಟೆಗಳನ್ನು ಗೊಂಚಲಾಗಿ ಇಡುತ್ತದೆ. ಮರಿಗಳು ಕಪ್ಪು, ಮೈಮೇಲೆ ಕಿತ್ತಳೆಗೆಂಪಿನ ಮುಳ್ಳಿನಂಥ ಗುಬುಟುಗಳು.

ಈ ಗೊಂಚಲಿನ ಮೇಲೆ ಸಂಶೋಧಕ ಜೇಮ್ಸ್ ಫೋರ್ಡೈಸ್ ಮತ್ತು ಸಂಗಡಿಗರು ಮಾಡಿದ ಕೆಲಸ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಕ್ಯಾಲಿಫೋರ್ನಿಯದ ಚಿಟ್ಟೆ ಟೆಕ್ಸಾಸ್‌ನ ತನ್ನ ಬಂಧುವಿಗಿಂತ ದೊಡ್ಡ ಗೊಂಚಲು ಇಡುತ್ತದೆ. ಕ್ಯಾಲಿಫೋರ್ನಿಯದ ಬಳ್ಳಿಯ ಎಲೆಯೋ ರೋಮ ದಟ್ಟವಾದದ್ದು, ಒಂಟಿ ಮರಿಗೆ ಅದನ್ನು ದಾಟಿ ತಿನ್ನುವುದು ಕಷ್ಟ. ಗುಂಪಾಗಿ ತಿಂದ ಮರಿಗಳು ಬೇಗ ಬೆಳೆಯುತ್ತವೆ ಎಂದು ಫೋರ್ಡೈಸ್ ಮತ್ತು ಅನುರಾಗ್ ಅಗ್ರವಾಲ್ 2001ರಲ್ಲಿ ತೋರಿಸಿದರು. ತೋಟಗಾರನಿಗೆ ಇದರ ಅರ್ಥ ಸರಳ. ಬಂದರೆ ಹಿಂಡಾಗಿ ಬರುತ್ತವೆ. ಬೇರೂರಿದ ಬಳ್ಳಿ ಬೋಳಾದರೂ ಮತ್ತೆ ಚಿಗುರುತ್ತದೆ, ಎರಡು ವರ್ಷದ ಪುಟ್ಟ ಬಳ್ಳಿಯಾದರೆ ಒಂದೇ ಗೊಂಚಲಿಗೆ ಮುಗಿದುಹೋಗಬಹುದು. ಜಾಗವಿದ್ದರೆ ಮೂರು ನಾಲ್ಕು ಬಳ್ಳಿ ಒಟ್ಟಿಗೆ ನೆಡುವುದು ವಾಸಿ.

ನೀರಿನ ಲೆಕ್ಕಕ್ಕೂ ಇದಕ್ಕೂ ಒಂದು ಕೊಂಡಿ ಇದೆ. ಮೇ ಕಳೆದ ಮೇಲೆ ಕಾಡಿನ ಬಳ್ಳಿಯಲ್ಲಿ ಎಲೆ ಬಲಿತು ಒರಟಾಗುತ್ತದೆ. ಮೊಟ್ಟೆ ಇಡಲು ಚಿಟ್ಟೆ ಹುಡುಕುವುದು ಎಳೆ ಕುಡಿ. ಹಿತ್ತಿಲಲ್ಲಿ ಜೂನ್ ಜುಲೈಯಲ್ಲಿ ಒಂದೆರಡು ಸಲ ಆಳವಾಗಿ ನೀರು ಸಿಕ್ಕ ಬಳ್ಳಿ ಹೊಸ ಕುಡಿ ಹಾಕುತ್ತಲೇ ಇರುತ್ತದೆ. ಹಾಗಾಗಿ ಬೇಸಿಗೆಯ ಮಿತ ನೀರನ್ನು ಬಳ್ಳಿಯ ಅಂದಕ್ಕೆ ಕೊಟ್ಟ ಲಂಚವೆಂದು ನೋಡುವುದಕ್ಕಿಂತ ಎರಡನೆಯ ಪೀಳಿಗೆಯ ಮರಿಗಳಿಗೆ ಕೊಟ್ಟ ಮೇವೆಂದು ನೋಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಚಿಟ್ಟೆಯ ಸುಳಿವೇ ಇಲ್ಲದ ಬಡಾವಣೆಯಲ್ಲಿ, ಬಳ್ಳಿ ಬೇರೂರಿದ ಮೇಲೆ, ಆ ನೀರನ್ನು ಉಳಿಸಿದರೆ ನಷ್ಟವಿಲ್ಲ.

ಸುಳಿವು ಎಲ್ಲ ಕಡೆ ಒಂದೇ ಸಮ ಇಲ್ಲ. ಡೇವಿಸ್‌ನ ಆರ್ಥರ್ ಶಪಿರೊ 1972ರಿಂದ ಬೇ ಏರಿಯಾದ ಅಂಚಿನಿಂದ ಸಿಯೆರಾ ನೆವಾಡದವರೆಗೆ ಗೊತ್ತಾದ ಜಾಗಗಳಲ್ಲಿ ನಡೆದು ಚಿಟ್ಟೆಗಳ ದಾಖಲೆ ಇಟ್ಟವರು. ಸ್ಯಾಕ್ರಮೆಂಟೊ ಸೀಮೆಯಲ್ಲಿ ಈ ಚಿಟ್ಟೆ ಸಾಮಾನ್ಯ, ಅಮೆರಿಕನ್ ನದಿಯ ದಂಡೆಯಲ್ಲಿ ವಸಂತದಲ್ಲಿ ಕಾಣದಿರುವುದೇ ಕಷ್ಟ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಾದರೆ ಅದು ಬಹಳ ಅಪರೂಪವಾಗಿತ್ತು. ಕ್ಯಾಲಿಫೋರ್ನಿಯ ಅಕಾಡೆಮಿ ಆಫ್ ಸೈನ್ಸಸ್‌ನಲ್ಲಿ ಜಲಚರಗಳನ್ನು ನೋಡಿಕೊಳ್ಳುತ್ತಿದ್ದ ಟಿಮ್ ವಾಂಗ್ 2012ರ ಸುಮಾರಿಗೆ ತಮ್ಮ ಮನೆಯ ಹಿತ್ತಿಲಲ್ಲಿ ಬಲೆಯ ಗೂಡು ಕಟ್ಟಿ ಈ ಚಿಟ್ಟೆಯನ್ನು ಸಾಕತೊಡಗಿದರು. ಬಳ್ಳಿಯೇ ಊರಲ್ಲಿ ವಿರಳ. ಗೋಲ್ಡನ್ ಗೇಟ್ ಉದ್ಯಾನದ ಸಸ್ಯತೋಟದಲ್ಲಿ ಇದ್ದ ಬಳ್ಳಿಯಿಂದ ಅನುಮತಿ ಪಡೆದು ತುಂಡುಗಳನ್ನು ತಂದು ಬೆಳೆಸಿದರು, ನಗರದ ಹೊರಗಿನ ಮನೆಗಳಿಂದ ಸುಮಾರು 20 ಮರಿಹುಳು ತಂದರು, ಬೆಳೆದವನ್ನು ಅದೇ ಸಸ್ಯತೋಟದ ದೇಸಿ ವಿಭಾಗದಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಅವರು ಬಿಟ್ಟ ಮರಿಗಳು ನೂರಾರು. ಈ ಕತೆಯಲ್ಲಿ ಎಲ್ಲರೂ ಚಿಟ್ಟೆಯನ್ನು ಹೊಗಳುತ್ತಾರೆ. ನನಗೆ ಹೆಚ್ಚಾಗಿ ಕಾಣುವುದು ಬಳ್ಳಿ ಬೆಳೆಸಿದ ಶ್ರಮ. ಬಳ್ಳಿಯ ನಂಟಿಲ್ಲದೆ ಮರಿ ತಂದಿದ್ದರೆ ಅದು ಒಂದು ಋತುವಿನ ಆಟವಾಗುತ್ತಿತ್ತು.

ಕರ್ನಾಟಕದ ಓದುಗರಿಗೆ ಇಲ್ಲಿ ಪರಿಚಯದ ಒಂದು ನಕ್ಷೆ ಕಾಣಬೇಕು. ನಮ್ಮ ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮರಿಯಾಗಿ ಬದುಕುವುದು ಈಶ್ವರಿ ಬಳ್ಳಿಯ ಕುಲದ ಮೇಲೆ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳೂ ಅಷ್ಟೆ. ಬಳ್ಳಿಯ ವಿಷವಾದ ಅರಿಸ್ಟೊಲೋಕಿಕ್ ಆಮ್ಲವನ್ನು ಮರಿಹುಳುಗಳು ಮೈಯಲ್ಲಿ ಕೂಡಿಟ್ಟು ಹಕ್ಕಿಗಳಿಗೆ ಬೇಡದ ತುತ್ತಾಗುತ್ತವೆ. ನಮ್ಮಲ್ಲಿ ಈ ವಿಷದ ಹೆಸರಲ್ಲಿ ಬದುಕುವ ನಕಲಿಗಳೂ ಇವೆ. ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು ಕಾಮನ್ ರೋಸಿನ ವೇಷ ಹಾಕುತ್ತವೆ, ಇನ್ನು ಕೆಲವು ಕ್ರಿಮ್ಸನ್ ರೋಸಿನ ವೇಷ. ಅಮೆರಿಕದ ಪೂರ್ವಭಾಗದಲ್ಲೂ ಪೈಪ್‌ವೈನ್ ಸ್ವಾಲೋಟೇಲಿಗೆ ಹೀಗೆ ನಕಲಿಗಳಿವೆ. ಕ್ಯಾಲಿಫೋರ್ನಿಯದಲ್ಲಿ ಇಲ್ಲ. ಅಲ್ಲಿಯ ಚಿಟ್ಟೆಯಲ್ಲೂ ಬಳ್ಳಿಯಲ್ಲೂ ಈ ಆಮ್ಲ ಇದೆಯೆಂದು ಫೋರ್ಡೈಸ್ 2000ದಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲೇ ಆತ ಅದನ್ನು ನಕಲಿಯಿಲ್ಲದ ಮಾದರಿ ಎಂದು ಕರೆದಿದ್ದಾನೆ.

ಕುಲ ಒಂದೇ ಎಂದು ಯಾವ ಬಳ್ಳಿಯಾದರೂ ಆದೀತು ಎನ್ನುವಂತಿಲ್ಲ. ಅಲಂಕಾರಕ್ಕೆ ಮಾರುವ ದಕ್ಷಿಣ ಅಮೆರಿಕದ ದೊಡ್ಡ ಹೂವಿನ ಅರಿಸ್ಟೊಲೋಕಿಯಗಳು ಬೆಂಗಳೂರಿನ ಕಾಂಪೌಂಡುಗಳಲ್ಲೂ ಇವೆ, ಕ್ಯಾಲಿಫೋರ್ನಿಯದ ನರ್ಸರಿಗಳಲ್ಲೂ ಸಿಗುತ್ತವೆ. ಅವುಗಳಲ್ಲಿ ಎಲಿಗನ್ಸ್ ಎಂದು ಮಾರುವ ಬಳ್ಳಿಯ ಮೇಲೆ ಪೈಪ್‌ವೈನ್ ಸ್ವಾಲೋಟೇಲ್ ಮೊಟ್ಟೆ ಇಡುತ್ತದೆ, ಮರಿಗಳು ಉಳಿಯುವುದಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಇದೇ ಬಳ್ಳಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆಯ ಮರಿಗಳಿಗೆ ಬಲೆಯಾಗಿ, ಅದನ್ನು ಕಿತ್ತುಹಾಕುವ ಚಳವಳಿಯೇ ನಡೆದಿದೆ. ಹೂವಿನ ಗಾತ್ರ ನೋಡಿ ಕೊಳ್ಳಬಾರದು. ದೇಸಿ ಎಂಬ ಚೀಟಿಯನ್ನೂ ಪೂರ್ತಿ ನಂಬುವಂತಿಲ್ಲ. ಬೇ ಏರಿಯಾದ ಕಡಿಮೆ ನೀರಿನ ತೋಟಗಳ ಅಚ್ಚುಮೆಚ್ಚಿನ ಬಳ್ಳಿಯಾದ ರೋಜರ್ಸ್ ರೆಡ್ ದ್ರಾಕ್ಷಿ ಎಷ್ಟೋ ವರ್ಷ ಅಪ್ಪಟ ಕ್ಯಾಲಿಫೋರ್ನಿಯದ ಕಾಡುದ್ರಾಕ್ಷಿಯೆಂದೇ ಮಾರಾಟವಾಯಿತು. ಆಮೇಲೆ ಡಿಎನ್ಎ ಪರೀಕ್ಷೆಯಲ್ಲಿ ಅದಕ್ಕೆ ಅಲಿಕಾಂಟೆ ಬುಶೆ ಎಂಬ ಯುರೋಪಿನ ದ್ರಾಕ್ಷಿಯ ಬೆರಕೆ ಇರುವುದು ಹೊರಬಿತ್ತು. ಬೆರಕೆಯಾದ ಮಾತ್ರಕ್ಕೆ ಬಳ್ಳಿ ಕೆಟ್ಟದ್ದಲ್ಲ, ಆದರೆ ದೇಸಿ ಗಿಡಗಳ ಪಟ್ಟಿಯಲ್ಲಿ ಅದರ ಜಾಗ ಬೇರೆ. ಪೂರ್ತಿ ಬಿಸಿಲಿನ ಒಣ ಇಳಿಜಾರಿದ್ದು ಪೈಪ್‌ವೈನಿಗೆ ನೆರಳು ಕೊಡಲಾಗದವರು ಅಲ್ಲಿಯ ದೇಸಿ ಕ್ಲೆಮಾಟಿಸ್ ಲೇಸಿಯಾಂತವನ್ನೋ, ಗುಲಾಬಿ ಹೂವಿನ ಲೊನಿಸೆರ ಹಿಸ್ಪಿಡುಲವನ್ನೋ ನೋಡಬಹುದು. ಲೊನಿಸೆರ ಕೆಂಪು ಹಣ್ಣೂ ಬಿಡುತ್ತದೆ, ಹಕ್ಕಿಗಳಿಗೆ ಇಷ್ಟ.

ಈಶ್ವರಿ ಬೇರನ್ನು ಹಾವು ಕಡಿತಕ್ಕೆ, ಜ್ವರಕ್ಕೆ ಮನೆಮದ್ದಾಗಿ ಕಂಡ ಮನೆತನಗಳು ನಮ್ಮಲ್ಲಿವೆ. ಹಾಗಾಗಿ ಈ ಕುಲದ ಬಳ್ಳಿ ಹಿತ್ತಿಲಿಗೆ ಬಂದಾಗ ಕಷಾಯದ ನೆನಪೂ ಬರಬಹುದು. ಬೇಡ. ತೊಂಬತ್ತರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಚೀನೀ ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಯ ಬೆರೆತು ಹೋಗಿ ಹಲವರ ಮೂತ್ರಪಿಂಡಗಳು ಶಾಶ್ವತವಾಗಿ ಕೆಟ್ಟವು. 1993ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ಮೊದಲ ವರದಿ ಬಂತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2001ರಲ್ಲಿ ಎಚ್ಚರಿಕೆ ಹೊರಡಿಸಿತು. ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ವರ್ಗೀಕರಿಸಿದೆ. ಮುಟ್ಟಿದರೆ ಭಯವಿಲ್ಲ, ಒಳಗೆ ಸೇವಿಸುವಂತಿಲ್ಲ. ಸಣ್ಣ ಮಕ್ಕಳಿರುವ ಮನೆಯಲ್ಲಿ ಕಾಯಿಗಳ ಮೇಲೆ ಕಣ್ಣಿರಲಿ.

ಸವರುವ ಕೆಲಸಕ್ಕೂ ತಿಂಗಳ ಲೆಕ್ಕ ಬೇಕು. ಮರಿಗಳು ಕೋಶ ಕಟ್ಟಲು ಬಳ್ಳಿ ಬಿಟ್ಟು ಬೇಲಿ, ಮರದ ಕಾಂಡ, ಗೋಡೆ ಎಂದು ಅಲೆಯುತ್ತವೆ. ಶರತ್ಕಾಲದ ಕೋಶಗಳು ಚಳಿಗಾಲ ಕಳೆದು ವಸಂತಕ್ಕೆ ಒಡೆಯುತ್ತವೆ. ಡಿಸೆಂಬರಿನಲ್ಲಿ ಬೇಲಿ ತೊಳೆಸುವ, ಬಣ್ಣ ಹೊಡೆಸುವ ಮುನ್ನ ಒಂದು ಸುತ್ತು ನೋಡಬೇಕು. ಬಳ್ಳಿಯನ್ನು ಸವರಲೇಬೇಕಿದ್ದರೆ ಹೂ ಮುಗಿದ ಮೇಲೆ, ಚಿಗುರು ಬಲಿಯುವ ಮೊದಲು, ಒಣಗಿದ ತುದಿಗಳನ್ನಷ್ಟೆ.

ಕೊನೆಯದಾಗಿ, ಕಡಿಮೆ ನೀರಿನ ತೋಟದ ಕೈಪಿಡಿಗಳು ಹೆಚ್ಚಾಗಿ ಮಾತಾಡದ ಸಂಗತಿ: ಮಳೆ ಕೈಕೊಟ್ಟ ಚಳಿಗಾಲ. 2013ರ ಇಡೀ ವರ್ಷ ಸ್ಯಾನ್ ಫ್ರಾನ್ಸಿಸ್ಕೊಗೆ ಬಿದ್ದದ್ದು ಸುಮಾರು 142 ಮಿ.ಮೀ. 2015ರ ಜನವರಿಯಲ್ಲಿ ಅಲ್ಲಿಯ ಡೌನ್‌ಟೌನ್ ಮಾಪಕ ಒಂದು ಹನಿಯನ್ನೂ ಅಳೆಯಲಿಲ್ಲ. 1849ರಿಂದ ಇರುವ ದಾಖಲೆಯಲ್ಲಿ ಅಂಥ ಜನವರಿ ಅದೇ ಮೊದಲು. ಅದೇ ಏಪ್ರಿಲ್‌ನಲ್ಲಿ ಗವರ್ನರ್ ಜೆರಿ ಬ್ರೌನ್ ನಗರಗಳ ನೀರಿನ ಬಳಕೆಯನ್ನು ಶೇ. 25 ತಗ್ಗಿಸಲು ಆಜ್ಞೆ ಹೊರಡಿಸಿದರು. 2022ರಲ್ಲಿ ಜನವರಿಯಿಂದ ಮಾರ್ಚ್, ರಾಜ್ಯದ ದಾಖಲೆಯಲ್ಲೇ ಅತ್ಯಂತ ಒಣ ಆರಂಭ. ಇಂಥ ವರ್ಷಗಳಲ್ಲಿ ಸ್ಪ್ರಿಂಕ್ಲರಿನ ಟೈಮರ್ ನವೆಂಬರಿನಲ್ಲೇ ಆರಿಸಿದ್ದು ಆರಿಸಿದಂತೆಯೇ ಇರುತ್ತದೆ, ಚಳಿಗಾಲದಲ್ಲಿ ಗಿಡಕ್ಕೆ ನೀರೇಕೆ ಎಂಬ ನಂಬಿಕೆಯಿಂದ. ಆದರೆ ಪೈಪ್‌ವೈನ್ ಹೂ ಬಿಟ್ಟು ಚಿಗುರುವುದು ಆಗಲೇ. ಲೆಕ್ಕ ಹಾಕಿದರೆ ಇದು ದುಬಾರಿಯೂ ಅಲ್ಲ. ಒಳನಾಡಿನಲ್ಲಿ ಜನವರಿಯ ಆವಿ ಸುಮಾರು 31.5 ಮಿ.ಮೀ. ಮಾತ್ರ. ಮಧ್ಯಮ ದರ್ಜೆಯ ಮೇಲ್ಮಿತಿಯಾದ ಶೇ. 60 ಕೊಟ್ಟರೂ ನಾಲ್ಕು ಚದರ ಮೀಟರಿಗೆ ತಿಂಗಳಿಗೆ ಸುಮಾರು 76 ಲೀಟರು, ಜುಲೈಯ ಕಡಿಮೆ ದರ್ಜೆಯ ಪಾಲಿನ ಮೂರನೆಯ ಒಂದು ಭಾಗ. ಬರದ ವರ್ಷದಲ್ಲಿ ಬಳ್ಳಿಗೆ ಒಂದೇ ಋತುವಿನಲ್ಲಿ ನೀರು ಕೊಡಲು ಸಾಧ್ಯವಾದರೆ, ಬೆರಳಿನ ಆಳದವರೆಗೆ ಮಣ್ಣು ಒಣಗಿದ್ದು ಕಂಡ ಕೂಡಲೆ, ಜನವರಿಯಿಂದ ಮಾರ್ಚಿನೊಳಗೆ ಕೊಟ್ಟುಬಿಡಬೇಕು. ಜುಲೈಯ ನೀರನ್ನು ಬೇಕಾದರೆ ಅವರೆ ಚಪ್ಪರಕ್ಕೆ ಬಿಡಬಹುದು.